ಮಹಾನಗರದಲ್ಲಿ ಗಿಟಾರಿಗೆ ಜಾಗವಿಲ್ಲ

ಓದುಗರ ಪತ್ರಗಳಿಗೆ ನಮ್ಮ ರೇಡಿಯೊ ಅಂಕಣಕಾರರ ಉತ್ತರ. ಈ ತಿಂಗಳು ಪಾರ್ಸಿಪನಿಯಿಂದ ಬಂದ ಒಂದು ಪತ್ರವನ್ನು ಮೊದಲೇ ನಾಲ್ಕು ಜನರಿಗೆ ತೋರಿಸಿದ್ದರಿಂದ, ಉಳಿದ ಪತ್ರಗಳೂ ಅದೇ ಜಾಡು ಹಿಡಿದು ಬಂದಿವೆ.

*

ಸರ್, ನಾನು ಹುಬ್ಬಳ್ಳಿಯವನು. ಈಗ ನ್ಯೂಜೆರ್ಸಿಯ ಪಾರ್ಸಿಪನಿಯಲ್ಲಿದ್ದೇನೆ. ಬೆಳಿಗ್ಗೆ ಕಾರು ತೆಗೆದ ಕೂಡಲೇ ಡೋವರ್ ಊರಿನ ಹಾರ್ಡ್ ರಾಕ್ ಕೇಂದ್ರ, 105.5ರ ಡಬ್ಲ್ಯೂಡಿಎಚ್‌ಎ ಹಚ್ಚುತ್ತೇನೆ. ಮೆಟಾಲಿಕಾ, ಎಸಿ/ಡಿಸಿ ಗಟ್ಟಿಯಾಗಿ ಬರುತ್ತದೆ. ಲಿಂಕನ್ ಸುರಂಗ ಹತ್ತಿರವಾದಂತೆ ಗೊರಗೊರ ಶುರು. ಮ್ಯಾನ್‌ಹಟನ್ ಮುಟ್ಟಿದ ಮೇಲೆ ಹಳೆಯ ಕ್ಲಾಸಿಕ್ ರಾಕ್ ಬಿಟ್ಟರೆ ಬೇರೆ ಗತಿಯಿಲ್ಲ. 80 ಲಕ್ಷ ಜನರಿರುವ ಊರಿನಲ್ಲಿ ಇಲ್ಲದ ಹಾರ್ಡ್ ರಾಕ್ ಸ್ಟೇಷನ್, ಡೋವರ್‌ನಂಥ ಸಣ್ಣ ಊರಿನಲ್ಲಿ ಹೇಗೆ ನಡೆಯುತ್ತದೆ?
— ಒಬ್ಬ ಓದುಗ, ಪಾರ್ಸಿಪನಿ

ಸ್ವಾಮಿ, ಮೊದಲು ಆ ಗೊರಗೊರದ ವಿಷಯ. ನ್ಯೂಯಾರ್ಕ್ ನಗರದ ವಾಣಿಜ್ಯ ಎಫ್‌ಎಂ ಪಟ್ಟಿಯ ಅಂಕಿಗಳನ್ನು ಒಂದು ಹಾಳೆಯ ಮೇಲೆ ಬರೆದುಕೊಳ್ಳಿ: 92.3, 93.1, 93.9, 94.7... ಹೀಗೆ 0.8 ಅಂತರದಲ್ಲಿ 107.5ರವರೆಗೆ. ಲೆಕ್ಕ ಹಾಕಿದರೆ ಇಪ್ಪತ್ತು ಆಗುತ್ತದೆ. 92ರ ಕೆಳಗಿನ ಪಟ್ಟಿ ಕಾಲೇಜು, ಸಾರ್ವಜನಿಕ ಸಂಸ್ಥೆಗಳಿಗೆ ಮೀಸಲು. ಅಂದರೆ ಹಣ ಮಾಡುವ ಉದ್ದೇಶದ ದೊಡ್ಡ ಎಫ್‌ಎಂಗಳಿಗೆ ಆ ಮಹಾನಗರದಲ್ಲಿ ಇರುವುದೇ ಹೆಚ್ಚೆಂದರೆ ಇಪ್ಪತ್ತು ಕುರ್ಚಿ. ನಿಮ್ಮ ಡಬ್ಲ್ಯೂಡಿಎಚ್‌ಎ 105.1 ಮತ್ತು 105.9 ಎಂಬ ಎರಡು ನಗರ ಕೇಂದ್ರಗಳ ಸಂದಿಯಲ್ಲಿ ಕುಳಿತಿದೆ. ಡೋವರ್ ದೂರದಲ್ಲಿರುವುದರಿಂದಲೂ ಅದರ ಶಕ್ತಿ ಕಡಿಮೆಯಿರುವುದರಿಂದಲೂ ಅಲ್ಲಿಗೆ ಆ ಸಂದಿ ಸಿಕ್ಕಿದೆ. ಎಂಪೈರ್ ಸ್ಟೇಟ್ ಕಟ್ಟಡದ ತುದಿಯಿಂದ ಪ್ರಸಾರವಾಗುವ ಅಲೆಗಳ ಹತ್ತಿರ ಬಂದಾಗ ಅದು ಸೋಲಲೇಬೇಕು.

ಇನ್ನು ಕುರ್ಚಿ ಯಾರಿಗೆ ಎಂಬ ಪ್ರಶ್ನೆ. ಎಂ.ಜಿ. ರಸ್ತೆಯಲ್ಲಿ ಅಂಗಡಿ ಹಿಡಿದವನು ಅಲ್ಲಿ ಹಳೆಯ ಗ್ರಾಮಫೋನ್ ತಟ್ಟೆ ಮಾರಲು ಕೂರುವುದಿಲ್ಲ. ಗಿರಾಕಿ ಇಲ್ಲವೆಂದಲ್ಲ, ಬಾಡಿಗೆ ಹುಟ್ಟುವುದಿಲ್ಲ. ಹಾರ್ಡ್ ರಾಕಿನ ಕಥೆಯೂ ಅಷ್ಟೇ. ನ್ಯೂಯಾರ್ಕಿನಲ್ಲಿ ಅದಕ್ಕೆ ಕೇಳುಗರು ಲಕ್ಷಗಟ್ಟಲೆ ಇದ್ದಾರು. ಆದರೆ ಅದೇ ಕುರ್ಚಿಯ ಮೇಲೆ ಸ್ಪ್ಯಾನಿಷ್ ಹಾಡು, ಹಿಪ್‌ಹಾಪ್, ಕ್ರೀಡಾ ಚರ್ಚೆ ಅಥವಾ ಸುದ್ದಿ ಕೂತರೆ ಕೇಳುಗರೂ ಹೆಚ್ಚು, ಜಾಹೀರಾತೂ ಹೆಚ್ಚು. ಡೋವರ್‌ನಲ್ಲಿ ತರಂಗಾಂತರದ ಬೆಲೆ ಕಡಿಮೆ, ಸುತ್ತಲಿನ ಮಾರಿಸ್ ಕೌಂಟಿಯ ಕಾರು ಡೀಲರು, ಪಬ್ಬು, ಟೈರ್ ಅಂಗಡಿಯವರ ಜಾಹೀರಾತಿನಲ್ಲೇ ಸಂಸಾರ ಸಾಗುತ್ತದೆ.

ಒಂದೇ ಒಂದು ಅಂಕಿಯ ಜಾತಕ ಹೇಳುತ್ತೇನೆ, 92.3. 1985ರಲ್ಲಿ ಅದು ಕೆ-ರಾಕ್ ಆಯಿತು. ಹೊವರ್ಡ್ ಸ್ಟರ್ನ್ ಎಂಬ ಬಾಯಿಬಡುಕ ಅದೇ ವರ್ಷ ಅಲ್ಲಿ ಕೂತ. 1996ರಲ್ಲಿ ಕ್ಲಾಸಿಕ್ ರಾಕ್ ಬಿಟ್ಟು ಆಲ್ಟರ್ನೇಟಿವ್ ಹಿಡಿದರು. 2006ರ ಜನವರಿಯಲ್ಲಿ ಸ್ಟರ್ನ್ ಉಪಗ್ರಹ ರೇಡಿಯೊ ಸಿರಿಯಸ್‌ಗೆ ಹಾರಿದ, ಇಲ್ಲಿ ಬರಿ ಮಾತುಕತೆಯ ವಾಹಿನಿ ಬಂತು. ಅದು ನೆಲಕಚ್ಚಿತು, 2007ರಲ್ಲಿ ಮತ್ತೆ ಕೆ-ರಾಕ್. ಎರಡು ವರ್ಷ ತುಂಬುವ ಮೊದಲೇ, 2009ರ ಮಾರ್ಚಿನಲ್ಲಿ, ಪಾಪ್ ಹಾಡು. 2017ರಲ್ಲಿ ಪುನಃ ಆಲ್ಟರ್ನೇಟಿವ್. 2022ರ ಅಕ್ಟೋಬರ್‌ನಲ್ಲಿ ಅದನ್ನೂ ಕಿತ್ತು, ಎಎಂನಲ್ಲಿ ದಶಕಗಳಿಂದ ಓಡುತ್ತಿದ್ದ 1010 ವಿನ್ಸ್ ಸುದ್ದಿಯನ್ನೇ ತಂದು ಕೂರಿಸಿದರು. ಬೇರೆ ಅಂಕಿಗಳ ಕಥೆಯೂ ಇದೇ: 1967ರಿಂದ ರಾಕ್ ನುಡಿಸಿದ 102.7ರ ಡಬ್ಲ್ಯೂಎನ್‌ಇಡಬ್ಲ್ಯೂ 1999ರಲ್ಲಿ ಮಾತಿಗೆ ಇಳಿದಿತ್ತು. 101.9ರ ಡಬ್ಲ್ಯೂಆರ್‌ಎಕ್ಸ್‌ಪಿ 2008ರಲ್ಲಿ ಹುಟ್ಟಿ 2011ರಲ್ಲಿ ಸುದ್ದಿಗೆ ಜಾಗ ಬಿಟ್ಟಿತು.

ನೀವು ಕೇಳುವ ಕ್ಲಾಸಿಕ್ ರಾಕ್ ಕೇಂದ್ರ 104.3 ಕೂಡ ಒಮ್ಮೆ ಹಾರ್ಡ್ ರಾಕ್ ಆಗಿತ್ತು ಗೊತ್ತೇ? 1993ರ ಕೊನೆಯವರೆಗೆ ಆ ಅಂಕಿಯಲ್ಲಿ ಮೊಜಾರ್ಟ್, ಬೀಥೋವನ್ ನುಡಿಯುತ್ತಿದ್ದರು. ಪಾಶ್ಚಾತ್ಯ ಶಾಸ್ತ್ರೀಯ ಸಂಗೀತವನ್ನು ಹೊರಹಾಕಿ ಹಾರ್ಡ್ ರಾಕ್ ತಂದಾಗ ಅದರ ಹಳೆಯ ಕೇಳುಗರು ಇವತ್ತು ನೀವು ಹೇಳುತ್ತಿರುವ ಮಾತನ್ನೇ ಹೇಳಿದ್ದರು. 1996ರಲ್ಲಿ ಹಾರ್ಡ್ ರಾಕ್ ಹೋಗಿ ಕ್ಲಾಸಿಕ್ ರಾಕ್ ಬಂತು, ಬೇರೂರಿತು.

ಒಂದು ಸಮಾಧಾನ ಇದೆ. 89.5 ತಿರುಗಿಸಿ. ಸೌತ್ ಆರೆಂಜ್‌ನ ಸೀಟನ್ ಹಾಲ್ ವಿಶ್ವವಿದ್ಯಾಲಯದ ಡಬ್ಲ್ಯೂಎಸ್‌ಒಯು ಸಿಗುತ್ತದೆ. 1948ರಿಂದ ಇರುವ ಈ ವಿದ್ಯಾರ್ಥಿ ಕೇಂದ್ರ 1986ರಿಂದ ಹೆವಿ ಮೆಟಲ್‌ಗೆ ಹೆಸರುವಾಸಿ, ಅಲೆ ನಗರದೊಳಗೂ ಬರುತ್ತದೆ. ಕ್ಯಾಥೊಲಿಕ್ ಪಾದ್ರಿಗಳ ವಿಶ್ವವಿದ್ಯಾಲಯದಲ್ಲಿ ಹುಡುಗರು ಕೂತು ಸ್ಲೇಯರ್ ಹಾಕುತ್ತಾರೆ! ಜಾಹೀರಾತಿನ ಹಂಗಿಲ್ಲ, ಆದ್ದರಿಂದ ಸಾಧ್ಯ.

*

ಹಾರ್ಡ್ ರಾಕ್, ಕ್ಲಾಸಿಕ್ ರಾಕ್, ಆಲ್ಟರ್ನೇಟಿವ್ ಎಂದೆಲ್ಲ ಬರೆಯುತ್ತೀರಿ. ಎಲ್ಲ ಒಂದೇ ಗಲಾಟೆ ಅಲ್ಲವೇ?
— ಹಿರಿಯ ಓದುಗರು, ತುಮಕೂರು

ಅಲ್ಲ ಸಾರ್. ರೇಡಿಯೊದವರ ಲೆಕ್ಕದಲ್ಲಿ ಕ್ಲಾಸಿಕ್ ರಾಕ್ ಎಂದರೆ ಲೆಡ್ ಜೆಪ್ಲಿನ್, ಪಿಂಕ್ ಫ್ಲಾಯ್ಡ್, ಈಗಲ್ಸ್ ಮುಂತಾದ ಹಳೆಯ ಸರಕು. ಹೊಸ ಹಾಡು ಒಳಗೆ ಬರುವುದೇ ಇಲ್ಲ. ಹಾರ್ಡ್ ರಾಕ್ ಕೇಂದ್ರ ಹೊಸ ತಂಡಗಳನ್ನೂ ನುಡಿಸುತ್ತದೆ, ಗಿಟಾರ್ ದಪ್ಪ, ಡ್ರಮ್ಸ್ ಜೋರು. ಆಲ್ಟರ್ನೇಟಿವ್ ನಿರ್ವಾಣಾ ತಂಡದ ನಂತರದ, ಸ್ವಲ್ಪ ಮುನಿಸಿಕೊಂಡ ಮಕ್ಕಳದು.

*

ನಾನು ಮೈಸೂರಿನಲ್ಲಿ ಎಂಜಿನಿಯರಿಂಗ್ ವಿದ್ಯಾರ್ಥಿ. ಬೆಂಗಳೂರಿನ ಅರಮನೆ ಮೈದಾನಕ್ಕೆ 2007ರಲ್ಲಿ ಐರನ್ ಮೇಡನ್, 2011ರಲ್ಲಿ ಮೆಟಾಲಿಕಾ ಬಂದಾಗ ಜನಸಾಗರವೇ ಸೇರಿತ್ತು ಎಂದು ನಮ್ಮಣ್ಣ ಹೇಳುತ್ತಾನೆ. ಜನ ಇದ್ದ ಮೇಲೆ ಜಾಹೀರಾತು ಯಾಕೆ ಬರುವುದಿಲ್ಲ? ಇದು ರೇಡಿಯೊದವರ ಸೋಮಾರಿತನ ಅಲ್ಲವೇ?
— ಮೆಟಲ್ ಅಭಿಮಾನಿ, ಮೈಸೂರು

ಸೋಮಾರಿತನವೂ ಇದೆ, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಕಛೇರಿಗೆ ಬೇಕಾದ ಜನವೇ ಬೇರೆ, ಕೇಂದ್ರಕ್ಕೆ ಬೇಕಾದ ಜನವೇ ಬೇರೆ. ಮೆಟಾಲಿಕಾಗೆ ಚೆನ್ನೈ, ಪುಣೆ, ಗುವಾಹಟಿಯಿಂದಲೂ ರೈಲು ಹತ್ತಿ ಬಂದರು, ಒಂದು ರಾತ್ರಿಗೆ ಟಿಕೆಟ್ ಕೊಂಡರು, ಹೋದರು. ರೇಡಿಯೊ ಕೇಂದ್ರಕ್ಕೆ ಬೇಕಾದವರು ಸೋಮವಾರ ಬೆಳಿಗ್ಗೆ ಎಂಟೂವರೆಗೆ ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ನಿಂತವರು.

ಜಾಹೀರಾತು ಏಜೆನ್ಸಿಯವರು ಅಮೆರಿಕದಲ್ಲಿ ಮೊದಲು ನೋಡುವುದು 25ರಿಂದ 54 ವಯಸ್ಸಿನವರನ್ನು. ಮನೆಸಾಮಾನು ಕೊಳ್ಳುವ ಹೆಂಗಸರಿಗೆ ಅವರ ಲೆಕ್ಕದಲ್ಲಿ ತೂಕ ಜಾಸ್ತಿ. ಹಾರ್ಡ್ ರಾಕ್ ಕೇಳುವವರಲ್ಲಿ ಗಂಡಸರೇ ಬಹುಪಾಲು. ಬಿಯರ್, ಟ್ರಕ್ಕು, ಬೈಕು ಮಾರುವವರು ಬರುತ್ತಾರೆ; ಸೂಪರ್‌ಮಾರ್ಕೆಟ್ಟಿನವನು, ಡೈಪರ್ ಕಂಪನಿಯವನು ಬರುವುದಿಲ್ಲ. ಅಭಿಮಾನಿ ಎಷ್ಟೇ ನಿಷ್ಠಾವಂತನಾದರೂ ಅವನ ನಿಷ್ಠೆಗೆ ದರಪಟ್ಟಿಯಲ್ಲಿ ಪ್ರತ್ಯೇಕ ಕಾಲಂ ಇಲ್ಲ.

ಇದರ ಮೇಲೆ ಅಳತೆಯ ರೀತಿಯೂ ಬದಲಾಯಿತು, ಅದರ ಕಡೆ ಯಾರೂ ಹೆಚ್ಚು ಗಮನ ಕೊಡುವುದಿಲ್ಲ. ಮೊದಲು ಆರ್ಬಿಟ್ರಾನ್ ಸಂಸ್ಥೆ ಕೇಳುಗರಿಗೆ ಏಳು ದಿನದ ಒಂದು ಡೈರಿ ಕೊಡುತ್ತಿತ್ತು. ಯಾವ ಕೇಂದ್ರ, ಎಷ್ಟು ಹೊತ್ತು ಕೇಳಿದಿರಿ ಎಂದು ಬರೆಯಬೇಕು. ರಾಕ್ ಅಭಿಮಾನಿ ಡೈರಿ ಸಿಕ್ಕರೆ ಬಿಡುತ್ತಾನೆಯೇ? ಬೆಳಿಗ್ಗೆಯಿಂದ ಸಂಜೆವರೆಗೆ ಗೆರೆ ಎಳೆದು ತನ್ನ ಕೇಂದ್ರದ ಹೆಸರು ಬರೆದು ಕಳಿಸುತ್ತಿದ್ದ. 2007ರಲ್ಲಿ ಫಿಲಡೆಲ್ಫಿಯಾ, ಹ್ಯೂಸ್ಟನ್‌ನಲ್ಲಿ, ಮರುವರ್ಷ ನ್ಯೂಯಾರ್ಕಿನಲ್ಲಿ ಡೈರಿ ಹೋಗಿ ಪೀಪಲ್ ಮೀಟರ್ ಬಂತು. ಪೇಜರ್ ಗಾತ್ರದ ಪೆಟ್ಟಿಗೆ, ಸೊಂಟಕ್ಕೆ ಸಿಕ್ಕಿಸಿಕೊಂಡರಾಯಿತು. ಕೇಂದ್ರದವರು ಹಾಡಿನೊಳಗೆ ಹುದುಗಿಸುವ, ಕಿವಿಗೆ ಕೇಳದ ಸಂಕೇತವನ್ನು ಅದು ಹಿಡಿಯುತ್ತದೆ. 2024ರವರೆಗೆ ಕಾಲು ಗಂಟೆಯಲ್ಲಿ ಕನಿಷ್ಠ ಐದು ನಿಮಿಷ ಕಿವಿಗೆ ಬಿದ್ದಿದ್ದರೆ ಕೇಂದ್ರಕ್ಕೆ ಆ ಕಾಲು ಗಂಟೆಯ ಲೆಕ್ಕ ಸಿಗುತ್ತಿತ್ತು.

ಆಗ ಏನಾಯಿತು? ದಂತವೈದ್ಯರ ಕೋಣೆಯಲ್ಲಿ, ಬಟ್ಟೆ ಅಂಗಡಿಯಲ್ಲಿ, ಆಫೀಸಿನ ಮೂಲೆಯಲ್ಲಿ ತಾನೇ ತಾನಾಗಿ ಹಾಡುವ ಮೆದು ಸಂಗೀತದ ಕೇಂದ್ರಗಳು, ಯಾರೂ ಬೇಕೆಂದು ಕೇಳದಿದ್ದರೂ, ಅಂಕ ಗಳಿಸತೊಡಗಿದವು. ದಂತವೈದ್ಯರು ಮೆಗಾಡೆತ್ ಹಾಕುವುದಿಲ್ಲ. ಡೈರಿಯಲ್ಲಿ ಅಭಿಮಾನಕ್ಕೆ ಬೆಲೆಯಿತ್ತು. ಪೆಟ್ಟಿಗೆಗೆ ಅಭಿಮಾನ ಗೊತ್ತಾಗುವುದಿಲ್ಲ, ಸದ್ದು ಮಾತ್ರ ಗೊತ್ತಾಗುತ್ತದೆ.

ಹಾಗೆಂದು ಎಲ್ಲ ದೊಡ್ಡ ಊರೂ ಬರಡಲ್ಲ. ಡೆಟ್ರಾಯಿಟ್‌ನಲ್ಲಿ 101.1ರ ಡಬ್ಲ್ಯೂಆರ್‌ಐಎಫ್ 1971ರಿಂದ ರಾಕ್ ಬಿಟ್ಟಿಲ್ಲ, ಫಿಲಡೆಲ್ಫಿಯಾದ ಡಬ್ಲ್ಯೂಎಂಎಂಆರ್ 1968ರಿಂದ ಬಿಟ್ಟಿಲ್ಲ. ಅಪ್ಪ ಕೇಳಿದ್ದನ್ನು ಮಗ ಕೇಳುತ್ತಿದ್ದಾನೆ. ಒಮ್ಮೆಯೂ ಕುರ್ಚಿ ಬಿಟ್ಟು ಏಳದಿದ್ದುದೇ ಅವುಗಳ ಬಲ ಎಂಬುದು ನನ್ನ ಅನಿಸಿಕೆ. ಒಮ್ಮೆ ಎದ್ದರೆ ಮತ್ತೆ ಕೂರಲು ಬಿಡುವವರಿಲ್ಲ.

*

ಲಾಸ್ ಏಂಜಲಿಸ್ ಬಳಿ ಇದ್ದೇನೆ. ನಮ್ಮ ಪಕ್ಕದ ಮನೆಯವರು ಮಾಸಿದ ಕಪ್ಪು ಟಿ-ಷರ್ಟ್ ಒಂದನ್ನು ಎಸೆಯಲು ಒಪ್ಪುವುದೇ ಇಲ್ಲ. ಅದರ ಮೇಲೆ 'ಕೆಎನ್‌ಎಸಿ' ಎಂದಿದೆ. ಅದು ಯಾವ ಕೇಂದ್ರ?
— ಕನ್ನಡತಿ, ಸೆರಿಟೋಸ್

ಎಸೆಯದಿರುವುದೇ ಸರಿ ಮೇಡಂ. ಲಾಂಗ್ ಬೀಚಿನ 105.5, ಕೆಎನ್‌ಎಸಿ. 1986ರ ಜನವರಿಯಲ್ಲಿ ಪೂರ್ತಿ ಹಾರ್ಡ್ ರಾಕ್–ಹೆವಿ ಮೆಟಲ್‌ಗೆ ತಿರುಗಿತು. ಸನ್‌ಸೆಟ್ ಸ್ಟ್ರಿಪ್ಪಿನ ಕ್ಲಬ್ಬುಗಳಲ್ಲಿ ಹುಟ್ಟಿ ಬೆಳೆಯುತ್ತಿದ್ದ ತಂಡಗಳ ಕಾಲ ಅದು. ಉಳಿದ ಕೇಂದ್ರಗಳು ಮೆಟಾಲಿಕಾ ಹೆಸರು ಕೇಳಿದರೆ ಬೆಚ್ಚುತ್ತಿದ್ದಾಗ ಇವರು ಹಗಲಲ್ಲೇ ಹಾಕುತ್ತಿದ್ದರು. ಅಲೆಯ ಶಕ್ತಿ ಕಡಿಮೆ. ಲಾಸ್ ಏಂಜಲಿಸ್‌ನ ಎಷ್ಟೋ ಬಡಾವಣೆಗಳಲ್ಲಿ ಅರ್ಧ ಕೇಳುತ್ತಿತ್ತು, ಅರ್ಧ ಕೇಳುತ್ತಿರಲಿಲ್ಲ. ಆದರೂ ಆ ಅಂಗಿ, ಕಾರಿನ ಸ್ಟಿಕ್ಕರು ಊರೆಲ್ಲ ಇದ್ದವು.

1995ರ ಫೆಬ್ರವರಿ 15ರಂದು ಮುಗಿಯಿತು. ಕೊನೆಗೆ ಹಾಕಿದ್ದು ಮೆಟಾಲಿಕಾದ ಫೇಡ್ ಟು ಬ್ಲ್ಯಾಕ್. ಕೇಂದ್ರ ಕೈ ಬದಲಾಗಿ ಸ್ಪ್ಯಾನಿಷ್ ಆಯಿತು. ಇದನ್ನು ಅನ್ಯಾಯ ಎಂದು ಬೈಯುವವರಿದ್ದಾರೆ, ನಾನು ಆ ಗುಂಪಿನವನಲ್ಲ. ಲಾಸ್ ಏಂಜಲಿಸ್‌ನಲ್ಲಿ ಸ್ಪ್ಯಾನಿಷ್ ಮಾತಾಡುವವರು ಎಷ್ಟು ಜನ ಎಂದು ನಿಮಗೆ ನಾನು ಹೇಳಬೇಕಾಗಿಲ್ಲ. ಅವರ ಭಾಷೆಗೆ ಕುರ್ಚಿ ಸಿಕ್ಕಿದ್ದೇ ತಡವಾಗಿ. ಮೂರು ವರ್ಷದ ಬಳಿಕ ಕೆಎನ್‌ಎಸಿ ಹೆಸರು ಇಂಟರ್ನೆಟ್ಟಿನಲ್ಲಿ ಮರುಹುಟ್ಟು ಪಡೆಯಿತು.

ನನಗೆ ಹೆಚ್ಚು ಕುತೂಹಲ ಹುಟ್ಟಿಸುವುದು ರಾಕ್ ಕೇಂದ್ರಗಳನ್ನು ಈಚೆಗೆ ಕೊಂಡವರು. ಷಿಕಾಗೋದ 'ದಿ ಲೂಪ್' 2018ರಲ್ಲಿ ಮಾರಾಟವಾಯಿತು, ಬೆಲೆ 2.15 ಕೋಟಿ ಡಾಲರ್. 1979ರಲ್ಲಿ ಬೇಸ್‌ಬಾಲ್ ಮೈದಾನದ ನಡುವೆ ಡಿಸ್ಕೊ ತಟ್ಟೆಗಳನ್ನು ಸಿಡಿಸಿ ದೊಂಬಿಗೆ ಕಾರಣವಾದ ಕೇಂದ್ರ ಇದೇ. ಬಾಸ್ಟನ್ ಕಡೆಯ ಡಬ್ಲ್ಯೂಎಎಎಫ್ 2020ರಲ್ಲಿ 1.075 ಕೋಟಿ ಡಾಲರಿಗೆ ಹೋಯಿತು. ಎರಡನ್ನೂ ಕೊಂಡದ್ದು ಎಜುಕೇಷನಲ್ ಮೀಡಿಯಾ ಫೌಂಡೇಷನ್ ಎಂಬ ಕ್ರೈಸ್ತ ಸಂಸ್ಥೆ. 2019ರಲ್ಲಿ ನ್ಯೂಯಾರ್ಕಿನ 95.5ನ್ನೂ ಅದೇ ಕೊಂಡಿತು. ಅವರ ಕೆ-ಲವ್ ಭಕ್ತಿಗೀತೆಗಳ ಜಾಲದಲ್ಲಿ ಜಾಹೀರಾತಿಲ್ಲ, ಕೇಳುಗರೇ ತಿಂಗಳು ತಿಂಗಳು ದುಡ್ಡು ಕಳಿಸುತ್ತಾರೆ. ಏಜೆನ್ಸಿಯವರ ವಯಸ್ಸಿನ ಕಾಲಂ ಅವರಿಗೆ ಬೇಕಾಗಿಯೇ ಇಲ್ಲ. ರಾಕ್ ಅಭಿಮಾನಿಗಳು ಟಿ-ಷರ್ಟಿಗೆ ಕೊಟ್ಟ ದುಡ್ಡಿನಲ್ಲಿ ಕಾಲುಭಾಗ ಕೇಂದ್ರಕ್ಕೆ ಕೊಡುವ ವ್ಯವಸ್ಥೆ ಯಾರಾದರೂ ಮಾಡಿದ್ದರೆ ಷಿಕಾಗೋದ ಕುರ್ಚಿ ಉಳಿಯುತ್ತಿತ್ತೇನೋ.

*

ಕನ್ನಡ ಪತ್ರಿಕೆಯಲ್ಲಿ ಇಂಗ್ಲಿಷ್ ಗದ್ದಲಕ್ಕಾಗಿ ಇಷ್ಟೊಂದು ಕಣ್ಣೀರು ಯಾಕೆ? ಬೆಂಗಳೂರಿನ ಎಫ್‌ಎಂಗಳಲ್ಲಿ ಕನ್ನಡ ಕೇಳಿಸಲು ನಾವು ಎಷ್ಟು ಬಡಿದಾಡಬೇಕಾಯಿತು, ಮರೆತಿರಾ?
— ನಿವೃತ್ತ ಶಿಕ್ಷಕ, ಧಾರವಾಡ

ಮರೆತಿಲ್ಲ ಗುರುಗಳೇ. 2001ರ ಜುಲೈಯಲ್ಲಿ ದೇಶದ ಮೊದಲ ಖಾಸಗಿ ಎಫ್‌ಎಂ ಆಗಿ ರೇಡಿಯೊ ಸಿಟಿ ಬೆಂಗಳೂರಿನಲ್ಲೇ ಶುರುವಾಯಿತು; ಮೊದಲ ವರ್ಷಗಳಲ್ಲಿ ಅಲ್ಲಿ ಹಿಂದಿ, ಇಂಗ್ಲಿಷಿನದೇ ದರ್ಬಾರು. ಮುಂದೆ ಕೇಂದ್ರಗಳು ಒಂದೊಂದಾಗಿ ಕನ್ನಡಕ್ಕೆ ತಿರುಗಿದವು. ಹೋರಾಟದ ಪಾಲು ಅದರಲ್ಲಿ ಇದೆ. ಆದರೆ ಇನ್ನೊಂದು ಕಾರಣವನ್ನು ನೀವು ಇಷ್ಟಪಡಲಿಕ್ಕಿಲ್ಲ: ಆಟೊ, ಬಸ್ಸು, ಕಿರಾಣಿ ಅಂಗಡಿ, ಅಡುಗೆಮನೆಗಳಲ್ಲಿ ರೇಡಿಯೊ ಕೇಳುವವರು ಕನ್ನಡದವರು ಎಂಬುದು ಮಾರಾಟ ವಿಭಾಗದವರಿಗೆ ತಿಳಿಯಿತು. ನ್ಯೂಯಾರ್ಕಿನಲ್ಲಿ ಹಾರ್ಡ್ ರಾಕನ್ನು ಎಬ್ಬಿಸಿದ ಲೆಕ್ಕವೇ ಇಲ್ಲಿ ಕನ್ನಡವನ್ನು ಕೂರಿಸಿತು. ಆ ಲೆಕ್ಕಕ್ಕೆ ಕನ್ನಡದ ಮೇಲೆ ಪ್ರೀತಿಯಿಲ್ಲ, ರಾಕಿನ ಮೇಲೆ ದ್ವೇಷವೂ ಇಲ್ಲ.

ಕನ್ನಡದೊಳಗೇ ನೋಡಿ. ಸಿನಿಮಾ ಹಾಡಿಗೆ ಖಾಸಗಿ ಎಫ್‌ಎಂನಲ್ಲಿ ಕೊರತೆಯಿಲ್ಲ. ನಿಮ್ಮ ಊರಿನ ಮಲ್ಲಿಕಾರ್ಜುನ ಮನ್ಸೂರರ ಧ್ವನಿ ಅಲ್ಲಿ ಎಷ್ಟು ಸಲ ಕೇಳಿದ್ದೀರಿ? ಭಾವಗೀತೆ, ತತ್ವಪದ? ಶಾಸ್ತ್ರೀಯ ಸಂಗೀತಕ್ಕೆಂದು 100.1ರಲ್ಲಿ ಅಮೃತವರ್ಷಿಣಿ ತೆರೆಯಲು ಆಕಾಶವಾಣಿಯೇ ಬೇಕಾಯಿತು. ಮೆಟಲ್ ಹುಡುಗನೂ ಮನ್ಸೂರರ ಅಭಿಮಾನಿಯೂ ಈ ವಿಷಯದಲ್ಲಿ ಒಂದೇ ಬೆಂಚಿನವರು.

*

ಬೆಂಗಳೂರಿನಲ್ಲೇ ಒಂದು ಹಾರ್ಡ್ ರಾಕ್ ಎಫ್‌ಎಂ ಶುರು ಮಾಡಿದರೆ ಹೇಗೆ? ಸ್ನೇಹಿತರು ಬಂಡವಾಳ ಹಾಕಲು ತಯಾರಿದ್ದಾರೆ.
— ಉತ್ಸಾಹಿ, ಇಂದಿರಾನಗರ

2015ರ ಹರಾಜಿನಲ್ಲಿ ಬೆಂಗಳೂರಿನ ಒಂದೇ ತರಂಗಾಂತರ ನೂರು ಕೋಟಿ ರೂಪಾಯಿ ದಾಟಿತ್ತು. ಲೈಸೆನ್ಸಿನ ಅವಧಿ 15 ವರ್ಷ. ಸ್ನೇಹಿತರನ್ನು ಕಳೆದುಕೊಳ್ಳಬೇಡಿ.

*

ನನ್ನ ಮಗನಿಗೆ ಹದಿನೇಳು. ಗಿಟಾರ್ ಕಲಿಯುತ್ತಿದ್ದಾನೆ. 'ರೇಡಿಯೊ ಯಾರಮ್ಮ ಕೇಳ್ತಾರೆ, ಫೋನಲ್ಲಿ ಎಲ್ಲ ಇದೆ' ಅನ್ನುತ್ತಾನೆ. ಹಾಗಿದ್ದ ಮೇಲೆ ಕೇಂದ್ರ ಇದ್ದರೇನು, ಹೋದರೇನು?
— ತಾಯಿ, ಬಸವನಗುಡಿ

ಮುಕ್ಕಾಲು ಪಾಲು ಅವನದೇ ಸರಿ. ಅಮೆರಿಕದ ಕಾರುಗಳಲ್ಲಿ ಉಪಗ್ರಹ ರೇಡಿಯೊ ಸಿರಿಯಸ್ ಎಕ್ಸ್‌ಎಂ ಹಾಕಿಸಿಕೊಂಡವರಿಗೆ ಆಕ್ಟೇನ್, ಲಿಕ್ವಿಡ್ ಮೆಟಲ್ ಎಂದು ಹಾರ್ಡ್ ರಾಕಿಗೇ ಒಂದಕ್ಕಿಂತ ಹೆಚ್ಚು ವಾಹಿನಿಗಳಿವೆ. ಇಂಗ್ಲೆಂಡಿನ ಕೆರಾಂಗ್ ರೇಡಿಯೊ 2004ರಲ್ಲಿ ಬರ್ಮಿಂಗ್‌ಹ್ಯಾಮ್ ಸುತ್ತಮುತ್ತ ಎಫ್‌ಎಂ ಹಿಡಿದಿತ್ತು. ಬ್ಲ್ಯಾಕ್ ಸಬ್ಬತ್ ಹುಟ್ಟಿದ ಊರು ಅದು, ಹಾರ್ಡ್ ರಾಕಿಗೆ ತವರುಮನೆ. ಅಲ್ಲೂ ಎಫ್‌ಎಂ ನಿಲ್ಲಲಿಲ್ಲ. 2013ರಲ್ಲಿ ಡಿಜಿಟಲ್‌ಗೆ ಹೋಯಿತು. ಅಮೆರಿಕದಲ್ಲಿ ಹಿಪ್‌ಹಾಪ್ ಮತ್ತು ಆರ್ ಅಂಡ್ ಬಿ ಸೇರಿ ರಾಕನ್ನು ಮೊದಲ ಸಲ ಹಿಂದಿಕ್ಕಿದ್ದು 2017ರಲ್ಲಿ ಎಂದು ನೀಲ್ಸನ್ ಸಮೀಕ್ಷಾ ಸಂಸ್ಥೆಯ ಲೆಕ್ಕ ಹೇಳುತ್ತದೆ. ಹಾಗಾಗಿ ಎಲ್ಲ ತಪ್ಪನ್ನೂ ಜಾಹೀರಾತಿನವರ ತಲೆಗೆ ಕಟ್ಟುವುದು ನ್ಯಾಯವಲ್ಲ.

ಉಳಿದ ಕಾಲು ಪಾಲು? ಫೋನು ಅವನಿಗೆ ಈಗಾಗಲೇ ಇಷ್ಟವಾದದ್ದರ ಹತ್ತಿರದ ಇನ್ನೊಂದನ್ನು ಕೊಡುತ್ತದೆ. ಊರಿನ ಕೇಂದ್ರವಾದರೆ ಅದೇ ಊರಿನ, ಇನ್ನೂ ಆಲ್ಬಂ ಬಾರದ ತಂಡದ ಹಾಡನ್ನು ಜಗತ್ಪ್ರಸಿದ್ಧ ಹಾಡಿನ ಬೆನ್ನಿಗೆ ಹಾಕಬಲ್ಲದು, ಶನಿವಾರ ಎಲ್ಲಿ ನುಡಿಸುತ್ತಾರೆ ಎಂದೂ ಹೇಳುತ್ತದೆ. ಬೆಂಗಳೂರಿನ ಕ್ರಿಪ್ಟೋಸ್ 1998ರಲ್ಲಿ ಹುಟ್ಟಿದ ಹೆವಿ ಮೆಟಲ್ ತಂಡ, ಜರ್ಮನಿಯ ವಾಕನ್ ಉತ್ಸವದವರೆಗೂ ಹೋಗಿ ಬಂದಿದೆ. ನಿಮ್ಮ ಬೀದಿಯಲ್ಲಿ ಹತ್ತು ಜನರನ್ನು ಕೇಳಿ ನೋಡಿ, ಎಷ್ಟು ಜನಕ್ಕೆ ಹೆಸರು ಗೊತ್ತು ಎಂದು. ನಿಮ್ಮ ಮಗ ಮುಂದೆ ತಂಡ ಕಟ್ಟಿದರೆ ಈ ಕಷ್ಟ ಅವನಿಗೇ ತಿಳಿಯುತ್ತದೆ.

*

ನಮ್ಮ ಕಾಲೇಜಿನಲ್ಲಿ ಸಮುದಾಯ ಬಾನುಲಿ ತರುವ ಯೋಚನೆಯಿದೆ. ವಿದ್ಯಾರ್ಥಿಗಳು ರಾತ್ರಿ ಒಂದು ಗಂಟೆ ರಾಕ್, ಮೆಟಲ್ ಬೇಕು ಎನ್ನುತ್ತಾರೆ. ಪ್ರಾಂಶುಪಾಲರು ಬೇಡ ಎನ್ನುತ್ತಾರೆ. ನಿಯಮ ಏನು ಹೇಳುತ್ತದೆ?
— ಉಪನ್ಯಾಸಕಿ, ಮಂಗಳೂರು

ನಿಯಮದಲ್ಲಿ ಗಿಟಾರಿಗೆ ನಿಷೇಧವಿಲ್ಲ ಮೇಡಂ. ನಮ್ಮಲ್ಲಿ ಹಾರ್ಡ್ ರಾಕಿಗೆ ದಾರಿಯಿದ್ದರೆ ಅದು ನಿಮ್ಮಂಥವರ ಕಡೆಯಿಂದಲೇ. ಮಾನ್ಯತೆ ಇರುವ ಶಿಕ್ಷಣ ಸಂಸ್ಥೆ ವಾರ್ತಾ ಮತ್ತು ಪ್ರಸಾರ ಸಚಿವಾಲಯಕ್ಕೆ ಅರ್ಜಿ ಹಾಕಬಹುದು. ಹರಾಜು ಇಲ್ಲ, ಕೋಟಿಗಳ ಮಾತಿಲ್ಲ. ಪ್ರಸಾರದ ಶಕ್ತಿ 100 ವಾಟ್, ಸುತ್ತಲಿನ ಹತ್ತು ಕಿಲೋಮೀಟರ್ ಆಸುಪಾಸಿಗೆ ಸಾಕು. ಕಾರ್ಯಕ್ರಮಗಳಲ್ಲಿ ಕನಿಷ್ಠ ಅರ್ಧ ಭಾಗ ಸ್ಥಳೀಯ ಸಮುದಾಯ ಸೇರಿ ತಯಾರಿಸಿದ್ದಾಗಿರಬೇಕು, ಸ್ಥಳೀಯ ಭಾಷೆಗೆ ಆದ್ಯತೆ. ನಿಮ್ಮಲ್ಲಿ ಅದು ತುಳು, ಕನ್ನಡ, ಕೊಂಕಣಿ, ಬ್ಯಾರಿ ಯಾವುದೂ ಆಗಬಹುದು. ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ಮೈಸೂರಿನ ತಮ್ಮ ಮನೆಯಿಂದಲೇ ಬಾನುಲಿ ಶುರು ಮಾಡಿದ ರಾಜ್ಯ ಇದು, ಅವರೂ ಮೇಷ್ಟ್ರೇ.

ಪ್ರಾಂಶುಪಾಲರಿಗೆ ಸೀಟನ್ ಹಾಲ್ ಪಾದ್ರಿಗಳ ಉದಾಹರಣೆ ಕೊಡಿ. ನಿಮ್ಮ ಊರಿನಲ್ಲಿ ಅದು ಕೆಲಸ ಮಾಡೀತು.

ಆದರೆ ಎರಡು ಕಡೆ ಎಚ್ಚರ. ಮೆಟಾಲಿಕಾ, ಐರನ್ ಮೇಡನ್ ಹಾಕಬೇಕೆಂದರೆ ಹಕ್ಕುಸ್ವಾಮ್ಯದ ಪರವಾನಗಿ ಪಡೆದು ರಾಯಲ್ಟಿ ಕಟ್ಟಬೇಕು. ಪೆನ್‌ಡ್ರೈವಿನಲ್ಲಿ ತಂದು ಹಾಕಿದರೆ ಕಾಲೇಜಿನ ಹೆಸರಿಗೆ ನೋಟಿಸು ಬರುತ್ತದೆ. ನಿಮ್ಮ ವಿದ್ಯಾರ್ಥಿಗಳೇ ಬರೆದು ನುಡಿಸಿದ ಹಾಡುಗಳಿಗೆ ಆ ತಾಪತ್ರಯವಿಲ್ಲ, ಅರ್ಧ ಭಾಗದ ನಿಯಮವೂ ಅದರಲ್ಲೇ ತೀರುತ್ತದೆ. ತುಳುವಿನಲ್ಲಿ ಮೆಟಲ್ ಬರೆದವರು ಇದ್ದರೆ ಮೊದಲ ವಾರಕ್ಕೆ ಅವರನ್ನೇ ಕರೆಯಿರಿ. ಎರಡನೆಯದು, ಲೆಟರ್ ಆಫ್ ಇಂಟೆಂಟ್ ಬಂದ ಮೇಲೂ ದೂರಸಂಪರ್ಕ ಇಲಾಖೆಯಿಂದ ತರಂಗಾಂತರ, ಗೋಪುರದ ಅನುಮತಿ ಬೇರೆಯಾಗಿ ಪಡೆಯಬೇಕು, ಅದಕ್ಕೆ ತಿಂಗಳುಗಳೇ ಹಿಡಿಯುತ್ತವೆ. ಈಗ ಕೇಳುತ್ತಿರುವ ವಿದ್ಯಾರ್ಥಿಗಳು ಕೊನೆಯ ವರ್ಷದವರಾದರೆ ಅವರ ಕೈಗೆ ಮೈಕು ಸಿಗುವುದು ಕಷ್ಟ. ಮೊದಲ ವರ್ಷದವರನ್ನು ಸೇರಿಸಿಕೊಂಡೇ ಅರ್ಜಿ ಹಾಕಿ.